ಭಾನುವಾರದ ಮಾತಿಗೆ ಟಿಪ್ಪಣಿ

ಏರಂಡವಣೆಯ ವಾಚನಾಲಯ, ಇಪ್ಪತ್ತು ಕುರ್ಚಿ,
ನಲವತ್ತು ನಿಮಿಷ. ಎಲ್ಲಿಂದ ಶುರುಮಾಡಲಿ?
ಗಿಯರು, ಬ್ರೇಕು, ಟೆಂಟಿನ ತೂಕ
ಬರೆದೆ, ಹೊಡೆದುಹಾಕಿದೆ.

ಕಾತ್ರಜ್ ಘಾಟಿನ ಮೂರನೇ ತಿರುವಲ್ಲಿ
ಇಳಿದು ತಳ್ಳುತ್ತಿದ್ದೆ. ಹಾಲಿನ ಕ್ಯಾನು ಕಟ್ಟಿದ
ಮುದುಕನೊಬ್ಬ, ಗಿಯರಿಲ್ಲದ ಸೈಕಲ್ಲಿನಲ್ಲಿ
ನನ್ನ ದಾಟುತ್ತ ಅಂದ: "ಸಾವಕಾಶ, ಬಾಯಿ."
ಮರಾಠಿಯಲ್ಲಿ ಅದು ಅಕ್ಕ, ಅವ್ವ ಅಂದಹಾಗೆ;
ನಾನೋ, ಆ ಏದುಸಿರಲ್ಲಿ,
ತೆರೆದೇ ಇದ್ದ ನನ್ನ ಬಾಯಿಗೇ ಅಂದನೆಂದುಕೊಂಡು
ಮುಚ್ಚಿದೆ. ಮೂಗಲ್ಲಿ ಉಸಿರಾಡಿದೆ.
ಏರು ಮುಗಿಯಿತು.

ಅದನ್ನೇ ಮೊದಲು ಹೇಳುವೆ.
ಆಮೇಲೆ ಪಂಪು, ಮುಂದಿನ ಸಾಲಿನವರ ಕೈಗೇ;
ಪಂಕ್ಚರು ನಾನೇ ಮಾಡಿ ತಂದಿರುತ್ತೇನೆ.

ಯಾರಾದರೂ ಕೇಳಿಯೇ ಕೇಳುತ್ತಾರೆ:
ಒಬ್ಬಳೇ ಹೋದರೆ ಹೆದರಿಕೆ ಆಗಲ್ವಾ?
ಆಗ್ತದೆ, ಖೇಡ್ ಶಿವಾಪುರ ದಾಟೋವರೆಗೆ.
ಆಮೇಲೆ ಬರೀ ಹಸಿವು.