ತುಂಬಿದ್ದರೂ

ಮತ್ತೆ ಹತ್ತಿತು.
ದೇದಾಯ್ ದಾಟಿ ಮೂರನೇ ತಿರುವಿನಲ್ಲಿ
ಗೇರು ಎರಡಕ್ಕಿಳಿಸಿದ ಹೊತ್ತಿಗೇ ಸರಿಯಾಗಿ
ಅಲೆಗಳಲ್ಲಿ ಥರ್ಮಾಮೀಟರು ನೆಟ್ಟಂಥ
ಕಿರುಬೆರಳ ಉಗುರಿನಷ್ಟು ಚಿತ್ರ.
ನೀರಿಲ್ಲ, ಅನ್ನುತ್ತದೆ.
ಇದೆ ಮಾರಾಯ್ತಿ, ಅನ್ನುತ್ತೇನೆ.
ಹಿಂದಿನ ಸೀಟಿನಲ್ಲಿ ದಿಲಾ ಮುದುಕಿ
ಕತ್ತಿನ ಶಿಲುಬೆ ಮುಟ್ಟಿಕೊಳ್ಳುತ್ತಾಳೆ.

ಈ ಮರ್ಸಿಡಿಸ್ ನನಗಿಂತ ನಾಲ್ಕೇ ವರ್ಷ ಚಿಕ್ಕದು.
ಜರ್ಮನಿಯಲ್ಲಿ ಒಬ್ಬ ಹಲ್ಲಿನ ಡಾಕ್ಟರು, ಅವನ ನಂತರ ಯಾರೋ,
ಆಮೇಲೆ ನನ್ನ ಭಾವ, ಆಮೇಲೆ ನಾನು.
ಬೋಗದಿಂದ ಶ್ಕೋದರ್‌ಗೆ ಬೆಳಿಗ್ಗೆ ಆರಕ್ಕೆ,
ಶ್ಕೋದರ್‌ನಿಂದ ಬೋಗಕ್ಕೆ ಮಧ್ಯಾಹ್ನ ಎರಡಕ್ಕೆ.
ತಲೆಗಿಷ್ಟು ಲೆಕ್, ಚೀಸಿನ ಡಬ್ಬಿಗೆ ಬೇರೆ.
ಹೆಂಗಸು ಓಡಿಸುವ ಗಾಡಿ ಎಂದು ಮೊದಲ ವರ್ಷ ಹತ್ತದವರು
ಈಗ ಜಾಗ ಹಿಡಿಯಲು ಹಿಂದಿನ ರಾತ್ರಿಯೇ ಫೋನು ಮಾಡುತ್ತಾರೆ.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ನಿಜ, ತುಳುಕುವುದಿಲ್ಲ.
ಬರಿದಾಗಿದ್ದೇನೆಂದು ಬೊಬ್ಬೆ ಹೊಡೆಯುತ್ತದೆ.

ಪಾಶ್ಕ್ ಮೊದಲು ಮುಚ್ಚಳ ಬದಲಿಸಿದ.
ಆಮೇಲೆ ಮೇಲಿನ ಹೋಸು, ಆಮೇಲೆ ಕೆಳಗಿನದು.
ಎರಡೂ ಒಟ್ಟಿಗೇ ಮುದಿಯಾಗುತ್ತವೆ ಗಂಡಹೆಂಡಿರ ಹಾಗೆ
ಎಂದು ಎರಡಕ್ಕೂ ದುಡ್ಡು ತಗೊಂಡ.
ರೇಡಿಯೇಟರಿನ ಹೊಟ್ಟೆಗೆ ಗಾಳಿ ತುಂಬಿ
ಅರ್ಧ ಗಂಟೆ ಕಿವಿಗೊಟ್ಟು ಕೂತ.
ಎಣ್ಣೆಕಡ್ಡಿ ಎಳೆದ, ಎಣ್ಣೆ ಬೆಳ್ಳಗಾಗಿರಲಿಲ್ಲ.
ಹೊಗೆ ಮೂಸಿದ.
ಅಡಿಯಲ್ಲಿ ರಟ್ಟು ಹಾಸಿ ರಾತ್ರಿಯಿಡೀ ಬಿಟ್ಟ;
ಬೆಳಿಗ್ಗೆ ರಟ್ಟಿನ ಮೇಲೆ ಬೆಕ್ಕಿನ ಹೆಜ್ಜೆ ಬಿಟ್ಟರೆ ಏನಿಲ್ಲ.
ದೀಪ ಆರಿತ್ತು. ಗೇಟು ದಾಟಿದೆ.
ಹೋದೆಯಾ ಪಿಶಾಚಿ ಅಂದರೆ
ಬಂದೆ ಗವಾಕ್ಷಿಯಲ್ಲಿ.

ಬಲ್ಬು ಕಿತ್ತುಬಿಡೋಣ, ಅಂದ ಪಾಶ್ಕ್.
ಇಲ್ಲ, ಒಂದು ತುಂಡು ಕಪ್ಪು ಟೇಪು, ಮುಗೀತು.
ಊರಿನ ಅರ್ಧ ಗಾಡಿಗಳು ಓಡುವುದೇ ಹೀಗೆ,
ಕಣ್ಣು ಕಟ್ಟಿಸಿಕೊಂಡು, ಸುಖವಾಗಿ.
ನಾನು ಒಪ್ಪಲಿಲ್ಲ.
ಸುಳ್ಳಿನ ಬಾಯಿಗೂ
ನಿಜ ಹೇಳಬೇಕಾದ ಒಂದು ದಿನ ಬರುತ್ತದೆ,
ಆ ದಿನ ಹಿಂದಿನ ಸೀಟಿನಲ್ಲಿ ಯಾರದೋ ಮಗುವಿರುತ್ತದೆ.

ಹತ್ತಿದಾಗೆಲ್ಲ ಬುಗ್ಗೆಯ ಹತ್ತಿರ ನಿಲ್ಲಿಸಿದೆ.
ಬಂಡೆಯೊಳಗಿನ ನೀರು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ.
ಎಂಜಿನ್ನು ಆರುವ ತನಕ ಕಾದು, ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿ
ಇದ್ದ ಗೆರೆಯ ಮೇಲೆ ಇನ್ನೊಂದು ಲೋಟ.
ಹೆಚ್ಚಾದದ್ದನ್ನು ಅದು ಮುಂದೆ ರಸ್ತೆಗೆ ಕಕ್ಕುತ್ತಿತ್ತು.
ಅಷ್ಟರಲ್ಲಿ ದಿಲಾ ಖಾಲಿ ಡಬ್ಬಿಗಳಿಗೆ ನೀರು ಹಿಡಿದಳು,
ಲೂಲಶ್ ಹೆಂಡತಿಗೆ ಗೊತ್ತಿಲ್ಲದ ಒಂದು ಸಿಗರೇಟು ಸೇದಿದ,
ಮ್ರಿಕಾ ಟೀಚರು ಬೆಚ್ಚಗಿನ ಮಡ್‌ಗಾರ್ಡಿನ ಮೇಲೆ
ನಾಲ್ಕನೇ ಕ್ಲಾಸಿನ ನೋಟ್‌ಬುಕ್ಕು ತಿದ್ದಿದಳು.

ಹದಿನಾಲ್ಕು ತಿಂಗಳು.

ಕೊನೆಗೆ ಹಿಡಿದವನು ಪಾಶ್ಕನ ಕೈಕೆಳಗಿನ ಹುಡುಗ,
ಇನ್ನೂ ಮೀಸೆ ಬಾರದವನು.
ಟ್ಯಾಂಕಿನಿಂದ ಸೆನ್ಸರು ಎಳೆದು ನನ್ನ ಅಂಗೈ ಮೇಲಿಟ್ಟ.
ಒಳಗೊಂದು ತೇಲುಬಿಲ್ಲೆ,
ನೀರು ಏರಿದರೆ ಏರಬೇಕಾದ್ದು,
ಸುಣ್ಣ ಕಟ್ಟಿ ತಳ ಹಿಡಿದು ಕೂತಿತ್ತು.
ಕೆರೆದರೆ ಉಗುರಿಗೆ ಬಿಳಿ ಹಿಟ್ಟು.
ಎಲ್ಲಿಯ ನೀರು ಹಾಕ್ತೀಯಕ್ಕ?
ಬುಗ್ಗೇದು, ಅಂದೆ. ಒಳ್ಳೇ ನೀರು.
ಹುಡುಗ ಮಾತಾಡದೆ
ಟೀ ಕೆಟಲಿನ ಒಳಗೋಡೆ ತೋರಿಸಿದ.

ಮೊದಲ ಸಲ ಯಾಕೆ ಹತ್ತಿತ್ತೋ.
ನಿಜವಾಗಿಯೇ ಒಂದು ಲೋಟ ಕಮ್ಮಿಯಿದ್ದಿರಬೇಕು.
ಆಮೇಲಿನದೆಲ್ಲ
ನಾನೇ ಹೊಯ್ದದ್ದು.

ಕಾಫಿ ಬಟ್ಟಲಿನ ವಿನೆಗರಿನಲ್ಲಿ ಒಂದು ರಾತ್ರಿ.
ಬಿಲ್ಲೆ ಬಿಡಿಸಿಕೊಂಡಿತು.

ಮರುದಿನ ಮೂರನೇ ತಿರುವು. ಏನೂ ಹತ್ತಲಿಲ್ಲ.
ಬುಗ್ಗೆ ದಾಟಿದೆ.
ಹಿಂದೆ ಯಾರೂ ಮಾತಾಡುತ್ತಿಲ್ಲ.
ನೂರು ಮಾರು ಹೋದ ಮೇಲೆ
ದಿಲಾ ಖಾಲಿ ಡಬ್ಬಿಯಿಂದ ನನ್ನ ಭುಜ ತಟ್ಟಿದಳು:
ಹತ್ತಲಿಲ್ವಾ?
ಇಲ್ಲ.
ಸರಿಯಾಗಿ ನೋಡು, ಪ್ರೇಂದ.

ಕನ್ನಡಿಯಲ್ಲಿ ಲೂಲಶನ ತುಟಿಗೆ ಹಚ್ಚದ ಸಿಗರೇಟು,
ಮ್ರಿಕಾಳ ಕೆಂಪು ಪೆನ್ನಿನ ಕ್ಯಾಪು ಆಗಲೇ ತೆಗೆದಿತ್ತು.
ಈ ಗಾಡಿಗೆ ರಿವರ್ಸ್ ಗೇರು ಬೀಳುವುದು ಕಷ್ಟ.
ಎರಡು ಸಲ ಕ್ಲಚ್ಚು ಒತ್ತಬೇಕು,
ಬಾಗಿಲು ಅರ್ಧ ತೆರೆದು, ಕತ್ತು ಹೊರಗೆ ಹಾಕಿ.