ಎಣಿಕೆ

ಮೀನು ಕೊಯ್ಯುವ ಚಾಕು ಸಿಗಲಿಲ್ಲ ಸೋಮವಾರ.
ಸಿಂಕಿನಲ್ಲಿ, ಒಲೆಯ ಹಿಂದೆ, ಕಸದ ಚೀಲದಲ್ಲೂ ಕೈಯಾಡಿಸಿದೆ.
ಮರೆವು, ಅಂದುಕೊಂಡೆ. ರಾತ್ರಿಪಾಳಿಯವಳಿಗೆ
ಮರೆವೇ ಅರ್ಧ ನಿದ್ದೆ.

ಬುಧವಾರ ಸಿಕ್ಕಿತು. ಸೋರಿಯ ಫುಟ್‌ಬಾಲ್ ಚೀಲದಲ್ಲಿ,
ಎಡಗಾಲಿನ ಉದ್ದ ಕಾಲುಚೀಲದೊಳಗೆ,
ಹಸುಗೂಸನ್ನು ಸುತ್ತಿದ ಹಾಗೆ ಸುತ್ತಿ.

ಎದೆ ಧಸಕ್ಕೆಂದಿತು. ಕೈ ತಾನಾಗಿ ಮೇಲೆದ್ದಿತು.
ನನ್ನಮ್ಮನಾಗಿದ್ದರೆ ಫ್ರೀಟೌನಿನ ಗುಡ್ಡವೆಲ್ಲ ಕೇಳುವಂತೆ ಕೂಗುತ್ತಿದ್ದಳು.
ಆದರೆ ಗುರುವಾರಗಳಲ್ಲಿ, ಚರ್ಚಿನ ಹಿಂದಿನ ತಣ್ಣನೆ ಕೋಣೆಯಲ್ಲಿ,
ಮೊರೀನ್ ಹೇಳಿದ್ದಳು
(ಮೂವತ್ತು ವರ್ಷ ತುರ್ತು ವಾರ್ಡಿನ ನರ್ಸು,
ಮಾತಿಗಿಂತ ಬಿಸ್ಕತ್ತು ಹೆಚ್ಚು ಹಂಚುವವಳು):
"ಎದುರು ನಿಂತು ಕೇಳಬೇಡಿ. ಪಕ್ಕ ಕೂತು ಕೇಳಿ.
ಕೈಗೊಂದು ಕೆಲಸ ಕೊಟ್ಟು ಕೇಳಿ."
ಗಾಯಕ್ಕೆ ಬಟ್ಟೆ ತುರುಕಿ ಒತ್ತಿಹಿಡಿಯುವುದನ್ನೂ ಕಲಿಸಿದ್ದಳು
ಹರಿದ ದಿಂಬೊಂದರ ಮೇಲೆ.
ಹದಿನಾಲ್ಕು ತಾಯಂದಿರು, ಒಬ್ಬನೇ ಅಪ್ಪ,
ಆ ದಿಂಬು ಬದುಕಲಿ ಎಂದು ಒತ್ತಿದ್ದೆವು.

ನಮ್ಮಿಬ್ಬರ ನಡುವೆ ಒಂದು ಚೀಲ ಕಡಲೆಕಾಯಿ ಸುರಿದೆ.
ಅರ್ಧ ಬಟ್ಟಲು ತುಂಬುವ ತನಕ
ಸಿಪ್ಪೆ ಒಡೆಯುವ ಸದ್ದು ಮಾತ್ರ.
ಆಮೇಲೆ, ಕಾಯಿಗಳಿಗೆ ಹೇಳುವಂತೆ, ಹೇಳಿದ:
"ಯಾರನ್ನೂ ಇರಿಯೋಕಲ್ಲಮ್ಮ.
ಸಂಜೆ ಬಸ್ಸಿನ ಮೇಲಂತಸ್ತಿನಲ್ಲಿ
ಎಲ್ಲರ ಹತ್ರಾನೂ ಇದೆಯಂತೆ."

ಅಂತೆ.
ಈ ಊರಿನ ಎಷ್ಟು ಹುಡುಗರು
ಒಂದು ಅಂತೆಗೆ ಹೆದರಿ
ಅಮ್ಮಂದಿರ ಅಡುಗೆಮನೆ ಬರಿದು ಮಾಡಿದ್ದಾರೋ.

ಬುದ್ಧಿ ಹೇಳಲು ಬಾಯಿ ತೆರೆದೆ, ಬಾಯಿಗೆ ಕಡಲೆಕಾಯಿ ಹಾಕಿಕೊಂಡೆ.
ಅವನ ಮಂಡಿ ಮೇಜಿನ ಕೆಳಗೆ ಕುಣಿಯುತ್ತಿತ್ತು.
ನನ್ನ ಮಂಡಿಯನ್ನು ಅದಕ್ಕೆ ತಾಗಿಸಿ ಕೂತೆ.
ಬಹಳ ಹೊತ್ತು.

ಶನಿವಾರ ಥೇಮ್ಸ್‌ಮೀಡಿನ ಕೆರೆ ಸುತ್ತಿ ನಡೆದೆವು.
ಚಾಕು ನನ್ನ ಚೀಲದಲ್ಲಿ, ಮೂರು ಪದರ ಪತ್ರಿಕೆಯೊಳಗೆ.
ಮಾರ್ಕೆಟ್ಟಿನ ಮೂಲೆಯ ಕಬ್ಬಿಣದ ಡಬ್ಬ
ಹೆಸರು ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ.
ಒಳಗೆ ಬಿದ್ದಾಗ ಲೋಹಕ್ಕೆ ಲೋಹ ತಾಗಿತು:
ನಮ್ಮದೊಂದೇ ಅಲ್ಲ.
ಸೋರಿ ನನ್ನ ಮುಖ ನೋಡಿದ. ಚಿಪ್ಸ್ ಕೇಳಿದ.

ಮೀನನ್ನೀಗ ಅಂಗಡಿಯವನೇ ಕೊಯ್ದು ಕೊಡುತ್ತಾನೆ.
ಬಸ್ಸಿನ ಭಯ ಇನ್ನೂ ಇದೆ; ಅದಕ್ಕೆ ಡಬ್ಬವಿಲ್ಲ.
ಪಾಳಿಗೆ ಹೊರಡುವ ಮುಂಚೆ ದಿನಾ
ಡ್ರಾಯರ್ ಮೆಲ್ಲಗೆ ಎಳೆದು ಎಣಿಸುತ್ತೇನೆ,
ಅವನಿಗೆ ಕೇಳದ ಹಾಗೆ.

ಗೋಡೆಯಾಚೆಯಿಂದ ಅವನೇ ಅನ್ನುತ್ತಾನೆ:
"ಐದು, ಅಮ್ಮಾ. ಐದೂ ಇದೆ.
ಹೊರಡು, ಬಸ್ಸು ತಪ್ಪುತ್ತೆ."