ನೆರಳು, ನೇರಳೆ

ಟೌನ್ಸ್‌ವಿಲ್‌ನ ಬೌಲ್ಸ್ ಕ್ಲಬ್ಬಿನಲ್ಲಿ ಹುಲ್ಲು ಕತ್ತರಿಸುವ
ಮರ್ವ್ ಡೂಲನ್‌ಗೆ ಎಡಗಿವಿಯ ಮೇಲಂಚಿಲ್ಲ.
ಹೋದ ವರ್ಷ ಕೆನ್ನೆಗೂ ನಾಲ್ಕು ಹೊಲಿಗೆ.
"ಬಿಸಿಲು ಕೊಟ್ಟಿತು, ಡಾಕ್ಟರು ಕಿತ್ತರು, ಲೆಕ್ಕ ಚುಕ್ತಾ"
ಅನ್ನುತ್ತಾನೆ, ಟೋಪಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು.
ತಲೆಗಲ್ಲ. ಸೊಂಟಕ್ಕೆ.

ನಾನು ಪಕ್ಕದ ಶಾಲೆಯ ಲ್ಯಾಬಿನಲ್ಲಿ ಗಾಜು ತೊಳೆಯುವವಳು.
ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಪುಟ್ಟ ಕಂಪ್ಯೂಟರನ್ನು
ರಿಜಿಸ್ಟರಿನಲ್ಲಿ ರುಜು ಹಾಕಿ ಮನೆಗೆ ತಂದೆ.
ಗ್ಲುಕೋಸ್ ಬಿಸ್ಕತ್ತಿಗಿಂತ ಒಂದು ಕಚ್ಚು ದೊಡ್ಡದು.
ಉಗುರಿನಷ್ಟು ಸೆನ್ಸರ್ ಅಂಚೆಯಲ್ಲಿ ಬಂತು.
ನಾಲ್ಕು ತಂತಿ:
ಕೆಂಪು ಕಪ್ಪು ಅನ್ನಕ್ಕೆ,
ಹಳದಿ ನೀಲಿ ಮಾತಿಗೆ.

ಕ್ಲಬ್ಬಿನ ತಗಡಿನ ಮಾಡಿನ ಮೇಲೆ ಕೂರಿಸಿ
ಮಳೆಗಿರಲಿ ಎಂದು ಜಾಮಿನ ಬಾಟಲಿ ಬೋರಲು ಹಾಕಿದೆ.
ಮಟಮಟ ಮಧ್ಯಾಹ್ನ, ಕಣ್ಣು ಬಿಡಲಾಗದ ಬೆಳಕು,
ಫೋನಿನ ಪುಟದಲ್ಲಿ ಸೊನ್ನೆ.
ತಂತಿ ಬಿಚ್ಚಿ ಕಟ್ಟಿದೆ. ಸೊನ್ನೆ.
ಬರೆದ ಸಾಲುಗಳನ್ನೆಲ್ಲ ಅಳಿಸಿ ಬರೆದೆ. ಸೊನ್ನೆ.
ಮೂರು ದಿನ ಬೇಕಾಯಿತು ತಿಳಿಯಲು:
ಬೆಳಕನ್ನು ಒಳಗೆ ಬಿಟ್ಟ ಬಾಟಲಿ
ಅದರ ಹಲ್ಲನ್ನು ಮಾತ್ರ ಹೊಸಿಲಾಚೆಗೇ ನಿಲ್ಲಿಸಿತ್ತು.
ಗಾಜು ತೊಳೆಯುವವಳಿಗೆ
ಗಾಜು ಗೊತ್ತಿರಲಿಲ್ಲ.

ಮರ್ವ್ ನಗಲಿಲ್ಲ. ನಲ್ಲಿಗೆ ಸುತ್ತುವ ಬಿಳಿ ಟೇಪು ಕೊಟ್ಟ,
"ಇದಾದರೂ ಅಂಟಿಸಿ ನೋಡು."
ಎರಡು ಪದರ ಹೊದಿಸಿದ್ದೇ
ಒಂಬತ್ತು.
ಟೇಪು ನುಂಗಿದ್ದಕ್ಕೆ ಒಂದಿಷ್ಟು ಗುಣಿಸಿದೆ,
ರೇಡಿಯೋದವರ ಅಂಕಿಯ ಪಕ್ಕ ಇಟ್ಟು ಅಳೆದೆ,
ಹಟಮಾರಿ ತಕ್ಕಡಿಗೆ ಕಲ್ಲು ಕಟ್ಟಿದ ಹಾಗೆ.

ಪುಟದಲ್ಲಿ ಬೇರೇನಿಲ್ಲ. ದೊಡ್ಡದೊಂದು ಅಂಕಿ,
ಅದರ ಹಿಂದೆ ನಿಮಿಷಕ್ಕೊಮ್ಮೆ ಮೈತೊಳೆದುಕೊಳ್ಳುವ ಬಣ್ಣ:
ಹಸಿರು, ಹಳದಿ, ಕಿತ್ತಳೆ, ಕೆಂಪು.
ಹನ್ನೊಂದು ದಾಟಿದರೆ ನೇರಳೆ.
ಹೆಸರಿಡಲು ಮಗಳು ಇಂಚರಳಿಗೆ ಹೇಳಿದೆ.
"ನೆರಳು" ಅಂತ ಕುಟ್ಟಲು ಹೋಗಿ
ದೀರ್ಘವೊಂದು ಎಲ್ಲಿಂದಲೋ ಬಂದು "ನೇರಳು" ಆಯಿತು.
ಹಣ್ಣೂ ಅಲ್ಲ, ಮರದಡಿಯ ತಂಪೂ ಅಲ್ಲ.
ತಿದ್ದಲು ಕೈಯೆತ್ತಿದೆ, ಬಿಟ್ಟೆ.

ನೇರಳೆ ಹಣ್ಣು ಕದ್ದವರ ನಾಲಿಗೆ
ಅಂಗಳ ದಾಟುವ ಮೊದಲೇ ಸಾಕ್ಷಿ ಹೇಳುತ್ತದೆ.
ಇದು ಅತಿನೇರಳೆ.
ತಿಂದದ್ದು ಗೊತ್ತಾಗಲು ನಲವತ್ತು ವರ್ಷ.

ಫೆಬ್ರವರಿಯ ಒಂದು ಬುಧವಾರ ಗುಡ್ಡದ ನೆತ್ತಿಗೆ ಮೋಡ,
ಮೋಡ ನೋಡಿ ಮಡಕೆಯ ನೀರು ಚೆಲ್ಲಿದ ಹಾಗೆ
ಟೋಪಿಗಳೆಲ್ಲ ಬೆಂಚಿನ ಮೇಲೆ.
ಮರ್ವ್ ಫೋನು ನೋಡಿ "ಹನ್ನೆರಡು!" ಎಂದು ಕೂಗಿದ.
ಬಿಳಿಯಂಗಿಯ ಅಜ್ಜಿಯರು ಚೆಂಡು ಬಿಟ್ಟು
ಆಕಾಶವನ್ನೂ ಅವನನ್ನೂ ಸರದಿಯಲ್ಲಿ ನೋಡಿದರು.
ಡಾಫ್ನಿ ಎಂಬಾಕೆ ಮಾತ್ರ ಎದ್ದು ಹೋಗಿ ಚಪ್ಪರದಡಿ ಕೂತಳು,
ಸೋಲುತ್ತಿದ್ದಳಂತೆ.

ನಿನ್ನೆ ರಾತ್ರಿ ಎಂಟಕ್ಕೆ ಅವನ ಕರೆ:
"ನಿನ್ನ ಸೂರ್ಯ ಮುಳುಗಿಲ್ಲ."
ನೋಡಿದರೆ ಪುಟದಲ್ಲಿ ಏಳು,
ಬೆಳಗಿನಿಂದ ಕಲ್ಲಾಗಿ ನಿಂತ ಏಳು.
ಟಾರ್ಚು ಕಚ್ಚಿಕೊಂಡು ಏಣಿ ಹತ್ತಿದೆ.
ಡಬ್ಬಿಯೊಳಗೆ, ಕಂಪ್ಯೂಟರಿನ ಬೆಚ್ಚನೆ ಬೆನ್ನಿನ ಮೇಲೆ,
ನೀಲಿ ತಂತಿಯನ್ನು ಒದ್ದು ಸಡಿಲಿಸಿ ಮಲಗಿದ ಹಲ್ಲಿ.
ಲೊಚಗುಟ್ಟಿತು. ನಮ್ಮ ಕಡೆ ಆದರೆ
ಯಾರು ಏನಂದದ್ದು ಸತ್ಯವಾಯಿತು ಎಂದು ಕೇಳುತ್ತಿದ್ದರು.
ತಂತಿ ಸಿಕ್ಕಿಸಿದೆ. ಸೊನ್ನೆ.
ಈ ಸಲದ್ದು ಅಸಲಿ ಸೊನ್ನೆ.

ಕೆಳಗೆ ಕತ್ತಲಲ್ಲಿ ಏಣಿ ಹಿಡಿದು ನಿಂತ ಮರ್ವ್‌ನ ಮೇಲೆ
ಟಾರ್ಚು ಬಿಟ್ಟೆ.
ತಲೆಯ ಮೇಲೆ ಟೋಪಿ.
ಅಂಚು ತುಂಡಾದ ಕಿವಿಯವರೆಗೂ ಎಳೆದು ಹಾಕಿದ್ದ.
"ಏನಿದು?" ಎಂದರೆ,
"ಏಳು ತೋರಿಸುತ್ತಿತ್ತಲ್ಲ" ಎಂದ.